ವೈರ್‌ಗಾರ್ಡ್: ನಾಲ್ಕು ವರ್ಷ ಬಳಸಿದ ಮೇಲೆ

ಬೆಂಗಳೂರಿನ ಮನೆಯ ವೈಫೈನಲ್ಲಿ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಕಮಾಂಡು ಕೊಡುವ ಕಿಟಕಿ) ತೆರೆದಿದ್ದೆ. ಲ್ಯಾಪ್‌ಟಾಪ್ ಮಡಚಿ ಶಿರಸಿ ಬಸ್ಸು ಹತ್ತಿದೆ. ತುಮಕೂರು ದಾಟಿದ ಮೇಲೆ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿದರೆ, ಅರ್ಧ ಟೈಪ್ ಮಾಡಿದ್ದ ಕಮಾಂಡು ಅಲ್ಲೇ ಕೂತಿತ್ತು! ಇಂಟರ್ನೆಟ್ಟಿನ ಮೇಲೆ ನನ್ನ ಯಂತ್ರಗಳ ನಡುವೆ ಗುಪ್ತ ಸುರಂಗ (ವಿಪಿಎನ್) ಹಾಕಿಕೊಡುವ ವೈರ್‌ಗಾರ್ಡ್ ಮನಸ್ಸಿಗೆ ಹಿಡಿಸಿದ್ದು ಅವತ್ತು.

ಐಪಿ ವಿಳಾಸ ಎರಡು ಕೆಲಸ ಮಾಡುತ್ತದೆ: ನೀನು ಯಾರು, ನೀನು ಎಲ್ಲಿದ್ದೀಯ. ಊರು ಬದಲಾದಾಗಲೆಲ್ಲ ಹೆಸರೂ ಬದಲಾಗುವ ಮನುಷ್ಯನ ಪಾಡು ಅದು. ವೈರ್‌ಗಾರ್ಡ್‌ನಲ್ಲಿ ಗುರುತು ಎಂದರೆ 32 ಬೈಟ್‌ನ ಪಬ್ಲಿಕ್ ಕೀ, ಅಂದರೆ ಇತರರಿಗೆ ಕೊಡಬಹುದಾದ ಗೂಢಲಿಪಿ ಕೀಲಿ. ವಿಳಾಸ ಬರೀ 'ಕೊನೆಗೆ ಕಂಡದ್ದು ಇಲ್ಲಿ' ಅನ್ನುವ ಟಿಪ್ಪಣಿ. ಸರಿಯಾದ ಕೀಯ ಪ್ಯಾಕೆಟ್ ಹೊಸ ವಿಳಾಸದಿಂದ ಬಂದರೆ ಸರ್ವರ್ ಸದ್ದಿಲ್ಲದೆ ಟಿಪ್ಪಣಿ ತಿದ್ದಿಕೊಳ್ಳುತ್ತದೆ, ಮತ್ತೆ ಲಾಗಿನ್ ಕೇಳುವುದಿಲ್ಲ. 2020ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ 5.6ಕ್ಕೇ ಸೇರಿದ್ದರಿಂದ ಹಾಕಿಕೊಳ್ಳುವುದೂ ಸುಲಭ.

ನನ್ನ ವ್ಯವಸ್ಥೆ ಸಣ್ಣದು. ಬಾಡಿಗೆಯ ಒಂದು ಸರ್ವರ್, ಫೋನು, ಲ್ಯಾಪ್‌ಟಾಪು, ಶಿರಸಿಯ ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರು. ಅಲ್ಲಿನ ಬ್ರಾಡ್‌ಬ್ಯಾಂಡ್ ಸ್ವಂತ ವಿಳಾಸ ಕೊಡುವುದಿಲ್ಲ, ಹೊರಗಿನಿಂದ ಪೈಯನ್ನು ಕರೆಯಲಾಗದು, ಹಾಗಾಗಿ 25 ಸೆಕೆಂಡಿಗೊಮ್ಮೆ ಪೈ ತಾನೇ 'ಇದ್ದೇನೆ' ಎಂದು ಸರ್ವರ್‌ಗೆ ಹೇಳುತ್ತಿರುತ್ತದೆ.

ತೊಂದರೆ ಇಲ್ಲವೆಂದಲ್ಲ. ಸೋಮಾರಿತನಕ್ಕೆ ಫೋನಿನ ಕೀಯನ್ನೇ ಟ್ಯಾಬ್‌ಗೂ ಹಾಕಿದೆ. ಒಬ್ಬನೇ ಎರಡು ಕಡೆ ಇದ್ದರೆ ಸರ್ವರ್ ಯಾರನ್ನು ನಂಬಬೇಕು? ಕೊನೆಗೆ ಮಾತಾಡಿದವರನ್ನು. ಎರಡೂ ಸರದಿಯ ಮೇಲೆ ಸತ್ತು ಬದುಕುತ್ತಿದ್ದವು. ಅರ್ಧ ದಿನ ನೆಟ್‌ವರ್ಕಿನವರನ್ನು ಬೈದ ಮೇಲೆ ತಪ್ಪು ನನ್ನದೆಂದು ಗೊತ್ತಾಯಿತು.

ಎರಡನೆಯದು ಮಳೆಗಾಲದ್ದು. ಪೈಯಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಕರೆಂಟು ಹೋಗಿ ಬಂದರೆ, ಕೊನೆಗೆ ಬರೆದಿಟ್ಟುಕೊಂಡ ಸಮಯದಿಂದ ಎಣಿಸಲು ಶುರು. ವೈರ್‌ಗಾರ್ಡ್‌ನ ಹ್ಯಾಂಡ್‌ಶೇಕ್‌ನಲ್ಲಿ, ಅಂದರೆ ಸಂಪರ್ಕ ಶುರುಮಾಡುವ ಪರಿಚಯದ ಪ್ಯಾಕೆಟ್‌ನಲ್ಲಿ, ಸಮಯದ ಮುದ್ರೆ ಇರುತ್ತದೆ. ಹಿಂದಿನದಕ್ಕಿಂತ ಹಳೆಯದಾದರೆ ಯಾರೋ ಹಳೇ ಪ್ಯಾಕೆಟ್ ಮತ್ತೆ ಕಳಿಸಿದರೆಂದು ಸರ್ವರ್ ಎಸೆದುಬಿಡುತ್ತದೆ, ಒಂದು ಮಾತೂ ಆಡದೆ. ನಾನೋ ಸಮಯ ಸರಿಪಡಿಸುವ ಟ್ರಾಫಿಕ್ಕನ್ನೂ ಸುರಂಗದೊಳಗೇ ಬಿಟ್ಟಿದ್ದೆ. ಗಡಿಯಾರ ಸರಿಯಾಗದೆ ಸುರಂಗವಿಲ್ಲ, ಸುರಂಗವಿಲ್ಲದೆ ಗಡಿಯಾರ ಸರಿಯಾಗದು. "ದೀಪ ಉರಿತಾ ಇದ್ದು ತಮಾ," ಎಂದರು ಅಪ್ಪ ಫೋನಿನಲ್ಲಿ. ಪ್ಲಗ್ ಕಿತ್ತು ಹಾಕಿ ಎಂದೆ. ಸುಮ್ಮನೆ ಬಿಟ್ಟಿದ್ದರೆ ಗಡಿಯಾರ ಹಳೇ ಮುದ್ರೆ ದಾಟಿ ತಾನೇ ದಾರಿಗೆ ಬರುತ್ತಿತ್ತು. ಕಿತ್ತಾಗಲೆಲ್ಲ ಅದು ಮತ್ತೆ ಹಿಂದಕ್ಕೆ. ಮುಂದೆ ಊರಿಗೆ ಹೋದಾಗ ಸುರಂಗಕ್ಕೆ ನನ್ನ ಖಾಸಗಿ ವಿಳಾಸಗಳನ್ನಷ್ಟೇ ಉಳಿಸಿ, ಬೇರೆಲ್ಲ ಹೊರಗಿನಿಂದ ಹೋಗುವಂತೆ ಮಾಡಿದೆ.

ನಿಜವಾದ ಕೊರತೆ ಬೇರೆ. ಒಂದು ತುದಿ ಅಲೆದಾಡಬಹುದು, ಎರಡೂ ಒಟ್ಟಿಗೆ ಜಾಗ ಬದಲಿಸಿದರೆ ಒಬ್ಬರಿಗೊಬ್ಬರು ಸಿಗುವುದಿಲ್ಲ. 2006ರಲ್ಲೇ ಆರ್‌ಎಫ್‌ಸಿ 4423 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ವಿವರಿಸಿದ ಹೋಸ್ಟ್ ಐಡೆಂಟಿಟಿ ಪ್ರೋಟೋಕಾಲ್‌ನಲ್ಲೂ ಕೀಯೇ ಗುರುತು. ಜೊತೆಗೆ 'ಅವರು ಈಗ ಇಲ್ಲಿದ್ದಾರೆ' ಎಂದು ದಾರಿ ತೋರಿಸುವ ಮಧ್ಯವರ್ತಿ ಸರ್ವರ್‌ಗೂ ಅಲ್ಲಿ ಜಾಗವಿತ್ತು. ವೈರ್‌ಗಾರ್ಡ್ ಆ ಗೊಡವೆಗೆ ಹೋಗಿಲ್ಲ. ಕೋಡ್ ಚಿಕ್ಕದಾಗಿ ಉಳಿದದ್ದಕ್ಕೆ ಅದೂ ಒಂದು ಕಾರಣ, ಹಾಗಾಗಿ ನಾನು ದೂರುವುದಿಲ್ಲ.

ಕಳೆದ ವರ್ಷ ಸರ್ವರ್ ಬದಲಿಸಿದಾಗ ಮಾತ್ರ ಇದರ ಬಿಸಿ ತಟ್ಟಿತು. ಪೈಯ ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್ ಕಡತ) ಸರ್ವರ್‌ನ ಡೊಮೈನ್ ಹೆಸರೇ ಇತ್ತು, ಆದರೆ ಅದನ್ನು ವಿಳಾಸವಾಗಿ ಬಿಡಿಸಿಕೊಳ್ಳುವುದು ಶುರುವಾಗುವಾಗ ಒಂದೇ ಸಲ. ಪೈ ಮೂರು ದಿನ ಖಾಲಿ ಮನೆಯ ಬಾಗಿಲು ತಟ್ಟುತ್ತಿತ್ತು. ಮತ್ತೆ ಅಪ್ಪನಿಗೆ ಫೋನು, ಮತ್ತೆ ಪ್ಲಗ್. ಈ ಸಲ ಅದೇ ಸರಿಯಾದ ಮದ್ದು.