ದಿನ ತುಂಬದೆ ಹುಟ್ಟಿದ ಮಗನಿಗೆ ಮಾಡಿಸಿದ ನವಜಾತ ತಪಾಸಣೆ: ಐದರಲ್ಲಿ ಮೂರು ಅಂಕ

ನನ್ನ ಮಗ 31ನೆಯ ವಾರದಲ್ಲೇ, 1,480 ಗ್ರಾಂ ತೂಕದೊಂದಿಗೆ ಹುಟ್ಟಿದ. ಅವನು ಎನ್‌ಐಸಿಯುನಲ್ಲಿದ್ದಾಗ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ವೈದ್ಯರ ಸಲಹೆಯಂತೆ ಒಂದು ಖಾಸಗಿ ಪ್ರಯೋಗಾಲಯದ ನವಜಾತ ತಪಾಸಣೆಯ ಪ್ಯಾಕೇಜ್ ಮಾಡಿಸಿದೆವು. ಹುಟ್ಟಿನಿಂದಲೇ ಬರುವ ಚಯಾಪಚಯ ಮತ್ತು ಹಾರ್ಮೋನಿನ ತೊಂದರೆಗಳನ್ನು ಹಿಮ್ಮಡಿಯ ಕೆಲವು ಹನಿ ರಕ್ತದಲ್ಲಿ ಪತ್ತೆಹಚ್ಚುವ ಪರೀಕ್ಷೆ ಅದು.

ರಕ್ತ ತೆಗೆದ ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಮೂರನೆಯ ದಿನ ಬಂದ ಹುಡುಗಿ ಹಿಮ್ಮಡಿಯನ್ನು ಬೆಚ್ಚಗೆ ಮಾಡಿ, ಅದರ ಅಂಚಿನಲ್ಲಿ ಚುಚ್ಚಿ, ಮೊದಲ ಹನಿಯನ್ನು ಒರೆಸಿ, ನಂತರದ ಹನಿಗಳನ್ನು ಕಾಗದದ ಮೇಲಿನ ವೃತ್ತಗಳಿಗೆ ಒಂದೇ ಬದಿಯಿಂದ ತುಂಬಿಸಿದಳು. ಕಾರ್ಡನ್ನು ಬಿಸಿಲಿಗೆ ಹಿಡಿಯದೆ, ಮಟ್ಟಸವಾಗಿ ಇಟ್ಟು ಒಣಗಿಸಿದಳು. ಅಷ್ಟು ಸಣ್ಣ ಪಾದವನ್ನು ಅವಳು ಹಿಡಿದುಕೊಂಡಿದ್ದ ನಯವನ್ನು ನಾನು ಮರೆಯಲಾರೆ.

ತೊಂದರೆ ಆರಂಭವಾದದ್ದು ವರದಿ ಬಂದಾಗ. 17-ಹೈಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಎದುರು ಕೆಂಪು ಅಕ್ಷರಗಳಲ್ಲಿ ‘ಅಧಿಕ’ ಎಂದಿತ್ತು. ಇದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಜನ್ಮಜಾತ ಕಾಯಿಲೆಯ ಸೂಚನೆಯಾಗಿರಬಹುದು; ಗಂಡುಮಕ್ಕಳಲ್ಲಿ ಹೊರಗೆ ಯಾವ ಲಕ್ಷಣವೂ ಕಾಣದೆ, ಎರಡನೆಯ ವಾರದ ಹೊತ್ತಿಗೆ ದೇಹದ ಉಪ್ಪಿನಂಶ ಕುಸಿದು ಜೀವಕ್ಕೇ ಅಪಾಯವಾಗಬಹುದು. ಆ ರಾತ್ರಿ ನಾವಿಬ್ಬರೂ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ವೈದ್ಯರು ಸೋಡಿಯಂ, ಪೊಟ್ಯಾಸಿಯಂ ಪರೀಕ್ಷಿಸಿ, ಸರಿಯಾಗಿವೆ ಎಂದು ತಿಳಿಸಿ, ಕಾರಣವನ್ನು ಬಿಡಿಸಿ ಹೇಳಿದರು. ದಿನ ತುಂಬದ ಮಗುವಿನ ಅಡ್ರಿನಲ್ ಗ್ರಂಥಿಯ ಕಿಣ್ವಗಳು ಇನ್ನೂ ಪಕ್ವವಾಗಿರುವುದಿಲ್ಲ, ಉಸಿರಾಟದ ಕಷ್ಟದಂಥ ಒತ್ತಡವೂ ಸೇರಿ ಈ ಹಾರ್ಮೋನು ಏರಿರುತ್ತದೆ. ಸಾಲದ್ದಕ್ಕೆ, ಭ್ರೂಣದ ಗ್ರಂಥಿ ತಯಾರಿಸುವ ಬೇರೆ ಸ್ಟಿರಾಯ್ಡ್‌ಗಳನ್ನೂ ಸಾಮಾನ್ಯ ಪರೀಕ್ಷೆ ಇದೇ ಎಂದು ಎಣಿಸಿಬಿಡುತ್ತದೆ. ಮೆಥಿಯೋನಿನ್ ಎಂಬ ಅಮೈನೋ ಆಮ್ಲವೂ ವರದಿಯಲ್ಲಿ ತುಸು ಹೆಚ್ಚಿದ್ದುದಕ್ಕೆ ಡ್ರಿಪ್ ಮೂಲಕ ಕೊಡುತ್ತಿದ್ದ ಅಮೈನೋ ಆಮ್ಲಗಳೇ ಕಾರಣ. ಎಳೆಯ ಯಕೃತ್ತು ಅವನ್ನು ಬೇಗ ಅರಗಿಸಿಕೊಳ್ಳಲಾರದು.

ಅರ್ಜಿಯಲ್ಲಿ ಗರ್ಭದ ವಾರ ಮತ್ತು ತೂಕ ಎರಡನ್ನೂ ನಾವು ಬರೆದುಕೊಟ್ಟಿದ್ದೆವು. ಆದರೂ ವರದಿಯು ಅವನನ್ನು ದಿನ ತುಂಬಿದ ಮಗುವಿನ ಮಿತಿಗೇ ಹೋಲಿಸಿತ್ತು. ವಾರಕ್ಕೆ ತಕ್ಕ ಮಿತಿಯನ್ನು ಬಳಸುವುದಿಲ್ಲವೆಂದಾದರೆ ಆ ಮಾಹಿತಿಯನ್ನು ಕೇಳುವುದಾದರೂ ಏಕೆ?

ಆದರೆ ನನ್ನ ದೊಡ್ಡ ಆಕ್ಷೇಪ ಕೆಂಪು ಅಕ್ಷರಗಳ ಬಗ್ಗೆ ಅಲ್ಲ, ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು) ಎದುರು ಹಸಿರಿನಲ್ಲಿದ್ದ ‘ಸಹಜ’ ಎಂಬ ಪದದ ಬಗ್ಗೆ. ಥೈರಾಯ್ಡ್ ಹಾರ್ಮೋನು ಕಡಿಮೆಯಿದ್ದರೆ ಟಿಎಸ್‌ಎಚ್ ಏರಬೇಕು. ದಿನ ತುಂಬದ ಮಕ್ಕಳಲ್ಲಿ ಮಿದುಳಿನಿಂದ ಹೊರಡುವ ಆ ಸೂಚನೆಯ ವ್ಯವಸ್ಥೆಯೇ ಇನ್ನೂ ಎಳೆಯದಾದ್ದರಿಂದ, ಕೆಲವೊಮ್ಮೆ ಅದು ವಾರಗಳ ನಂತರ ಏರುತ್ತದೆ. ಮೂರನೆಯ ದಿನದ ಅಂಕಿಯನ್ನೇ ನಂಬಿ ಕುಳಿತರೆ, ಚಿಕಿತ್ಸೆಯಿಂದ ತಡೆಯಬಹುದಾದ ಬುದ್ಧಿಮಾಂದ್ಯ ಕಣ್ಣುತಪ್ಪಿ ಉಳಿದುಬಿಡಬಹುದು. ಇದಕ್ಕಾಗಿಯೇ ಇಂಥ ಮಕ್ಕಳಿಗೆ ಎನ್‌ಐಸಿಯುಗೆ ಸೇರಿಸಿಕೊಂಡಾಗ ಒಮ್ಮೆ, 48ರಿಂದ 72 ಗಂಟೆಗಳ ನಡುವೆ ಒಮ್ಮೆ, 28ನೆಯ ದಿನದ ಸುಮಾರಿಗೆ ಮತ್ತೊಮ್ಮೆ ಕಾರ್ಡ್ ತೆಗೆಯುವ ಪದ್ಧತಿಯಿದೆ. ವರದಿಯಲ್ಲಿ ಮರುಪರೀಕ್ಷೆಯ ಮಾತೇ ಇರಲಿಲ್ಲ. ಫೋನಿನಲ್ಲಿ ವಿಚಾರಿಸಿದಾಗ ‘ನಾರ್ಮಲ್ ಬಂದಿದೆಯಲ್ಲ ಮೇಡಂ, ಮತ್ತೆ ಬೇಡ’ ಎಂಬ ಉತ್ತರ ಬಂತು.

ವೈದ್ಯರು ಪಟ್ಟು ಹಿಡಿದು 28ನೆಯ ದಿನ ಇನ್ನೊಂದು ಕಾರ್ಡ್ ಕಳಿಸಿದರು. ಟಿಎಸ್‌ಎಚ್ ಸರಿಯಾಗಿಯೇ ಇತ್ತು, 17-ಹೈಡ್ರಾಕ್ಸಿಪ್ರೊಜೆಸ್ಟರಾನ್ ಇಳಿದಿತ್ತು. ಮಾದರಿ ತೆಗೆದ ನಾಜೂಕು ಮತ್ತು ವರದಿ ಬಂದ ವೇಗಕ್ಕಾಗಿ ಮೂರು ಅಂಕ ಕೊಡುತ್ತೇನೆ. ಉಳಿದೆರಡನ್ನು ವರದಿಗಾಗಿ ಕಳೆದಿದ್ದೇನೆ.

ಇದೇ ಸೇವೆಯನ್ನು ಪಡೆಯುವ ತಂದೆತಾಯಿಯರಿಗೆ ಇನ್ನೊಂದು ವಿಷಯ. ಮಗುವಿಗೆ ಬೇರೆಯವರ ರಕ್ತ ಕೊಟ್ಟಿದ್ದರೆ ಗ್ಯಾಲಕ್ಟೋಸೀಮಿಯಾ (ಹಾಲಿನ ಸಕ್ಕರೆಯ ಒಂದು ಅಂಶವನ್ನು ದೇಹ ಬಳಸಲಾಗದ ಕಾಯಿಲೆ), ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಪರೀಕ್ಷೆಗಳಲ್ಲಿ ದಾನಿಯ ಕಿಣ್ವವೇ ಕಾಣಿಸಿ ಫಲಿತಾಂಶ ತಪ್ಪಬಹುದು. ಆದ್ದರಿಂದ ಮೊದಲ ಕಾರ್ಡನ್ನು ರಕ್ತ ಕೊಡುವುದಕ್ಕೆ ಮುಂಚೆಯೇ ತೆಗೆಸಬೇಕು. ಇವರ ಅರ್ಜಿಯಲ್ಲಿ ಅದನ್ನು ನಮೂದಿಸಲು ಜಾಗವೇ ಇಲ್ಲ. ನಮ್ಮ ಎರಡನೆಯ ಕಾರ್ಡಿನ ಅಂಚಿನಲ್ಲಿ ರಕ್ತ ಕೊಟ್ಟ ದಿನಾಂಕವನ್ನು ವಾರ್ಡಿನ ಸಿಸ್ಟರ್ ತಾವೇ ಪೆನ್ನಿನಿಂದ ಬರೆದು, ಕೆಳಗೆ ಗೆರೆ ಎಳೆದು ಕಳಿಸಿದರು.