ಪುಷ್ಯ ಮಳೆ, ಇ20 ಪೆಟ್ರೋಲ್ ಮತ್ತು ನನ್ನ ಹಳೇ ಜಿಪ್ಸಿ

ಹೋದ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಜಿಪ್ಸಿ ಸ್ಟಾರ್ಟ್ ಆಗಲಿಲ್ಲ. ಚೋಕ್ ಎಳೆದೆ, ಬ್ಯಾಟರಿ ಸುಸ್ತಾಗುವವರೆಗೆ ಸೆಲ್ಫ್ ಹೊಡೆದೆ. ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪುಷ್ಯ ಮಳೆ ಪೂರ್ತಿ ಅದು ಅರ್ಧ ಟ್ಯಾಂಕ್ ಪೆಟ್ರೋಲ್ ಹೊತ್ತು ಇಳಿಮಾಡಿನ ಕೆಳಗೆ ನಿಂತಿತ್ತು. ಹಿಂಭಾಗ ಒಂದಡಿ ಹೊರಗೆ.

ನನ್ನದು 1998ರ ಗಾಡಿ, 1.3 ಲೀಟರ್, ಕಾರ್ಬ್ಯುರೇಟರ್ (ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ಹಳೇ ಕಾಲದ ಭಾಗ) ಇಂಜಿನ್. ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟದಲ್ಲಿ ಹಣ್ಣಿನ ಮೂಟೆ, ಗೊಬ್ಬರ, ಪಂಪ್‌ಸೆಟ್ಟು, ಆಳುಗಳು ಎಲ್ಲವನ್ನೂ ಹೊರುತ್ತದೆ. ಇ20 ಅಂದ್ರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ (ಕಬ್ಬು, ಧಾನ್ಯದಿಂದ ಮಾಡುವ ಆಲ್ಕೋಹಾಲ್) ಬೆರೆಸಿದ ಪೆಟ್ರೋಲ್. ಅದಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಆಮೇಲೆ ನಮ್ಮ ಬಂಕಿಗೂ ಅದೇ ಬಂತು. ಇದು ಬೇಕು, ಅದು ಬೇಡ ಅನ್ನೋ ಆಯ್ಕೆ ಏನೂ ಇರಲಿಲ್ಲ.

ಮೆಕ್ಯಾನಿಕ್ ಅಣ್ಣ ಬಂದವನೇ ಟ್ಯಾಂಕಿನ ಕೆಳಗಿನ ಬೋಲ್ಟ್ ಸಡಿಲಿಸಿ, ಒಂದು ಹಾರ್ಲಿಕ್ಸ್ ಬಾಟಲಿಗೆ ಪೆಟ್ರೋಲ್ ಹಿಡಿದ. ಐದು ನಿಮಿಷ ಕಟ್ಟೆ ಮೇಲೆ ಇಟ್ಟೆವು. ಮೇಲೆ ತಿಳಿಯಾದ ಪೆಟ್ರೋಲ್. ಕೆಳಗೆ ಎರಡು ಬೆರಳು ದಪ್ಪಕ್ಕೆ ಮಜ್ಜಿಗೆ ನೀರಿನಂಥದ್ದು. ನಡುವೆ ಸ್ಕೇಲ್ ಇಟ್ಟು ಎಳೆದಂಥ ಗೆರೆ. ಅಲ್ಲಾಡಿಸಿದರೆ ಎಲ್ಲ ಬೆಳ್ಳಗಾಗಿ, ಬಿಟ್ಟರೆ ಮತ್ತೆ ಅದೇ ಗೆರೆ.

ಎಥನಾಲ್‌ಗೆ ನೀರು ಅಂದ್ರೆ ಪ್ರಾಣ. ಸ್ವಲ್ಪ ನೀರಾದರೆ ಅದನ್ನು ತನ್ನೊಳಗೇ ಇಟ್ಟುಕೊಂಡು ಇಂಜಿನ್‌ಗೆ ಹೋಗಿಬಿಡುತ್ತದೆ, ತೊಂದರೆ ಇಲ್ಲ. ಮಿತಿ ದಾಟಿತೋ, ನೀರಿನ ಕೈ ಹಿಡಿದು ತಾನೂ ತಳಕ್ಕೆ ಇಳಿಯುತ್ತದೆ. ಹಿಂದೆಲ್ಲ ಟ್ಯಾಂಕಿಗೆ ಅರ್ಧ ಲೋಟ ನೀರು ಹೋದರೆ ತಳದಲ್ಲಿ ಅಷ್ಟೇ ಅರ್ಧ ಲೋಟ ಇರುತ್ತಿತ್ತು. ಈಗ ಅದು ಎಥನಾಲ್ ಸೇರಿಸಿಕೊಂಡು ಊದುತ್ತದೆ. ಪೆಟ್ರೋಲ್ ಎಳೆಯುವ ಪೈಪ್ ಇರುವುದೂ ಅಲ್ಲೇ, ತಳದ ಹತ್ತಿರ. ಮನೇಲೇ ನೋಡಬಹುದು: 100 ಮಿಲಿ ಪೆಟ್ರೋಲಿಗೆ 10 ಮಿಲಿ ನೀರು ಹಾಕಿ ಕುಲುಕಿ ಇಡಿ. ಕೆಳಗಿನ ಪದರ 10 ಅಲ್ಲ, 30ರ ಹತ್ತಿರ ಬರುತ್ತದೆ. (ಬೀಡಿ, ಒಲೆ, ಮಕ್ಕಳು ದೂರ ಇರಲಿ.)

ಬಂಕಿನವರಿಗೆ ಮನಸ್ಸಿನಲ್ಲೇ ಚೆನ್ನಾಗಿ ಬೈದೆ. ಆಮೇಲೆ ಅಣ್ಣ ಟ್ಯಾಂಕಿನ ಮುಚ್ಚಳ ತಿರುಗಿಸಿ ತೋರಿಸಿದ. ರಬ್ಬರ್ ವಾಷರ್ ಸೀಳಿತ್ತು. ಮಾಡಿನ ಹನಿ ನೇರ ಅಲ್ಲಿಗೇ ಬೀಳುತ್ತಿತ್ತು. ಅಲ್ಲಿಗೆ ನನ್ನ ಸಿಟ್ಟು ಅರ್ಧ ಇಳಿಯಿತು.

ಪೆಟ್ರೋಲ್ ಹೋಸ್ ಕೂಡ ಉಗುರು ಒತ್ತಿದರೆ ಅಚ್ಚು ಬೀಳುವಷ್ಟು ಮೆತ್ತಗಾಗಿತ್ತು. ಎಥನಾಲ್ ಹಳೇ ರಬ್ಬರನ್ನು ಉಬ್ಬಿಸುತ್ತದೆ, ನಿಜ. ಆದರೆ ಆ ಹೋಸ್ ಹಾಕಿದ್ದು ಯಾವಾಗ ಅಂತ ನನಗೇ ನೆನಪಿಲ್ಲ. ಎಥನಾಲ್ ತಡೆಯುವ ಹೋಸ್ ಹಾಕಿಸಿದೆ. ಹುಲ್ಲು ಹೊಡೆಯುವ ವೀಡ್ ಕಟ್ಟರ್ ಕಥೆಯೂ ಇದೇ, ಅದರ ಪೈಪೂ ಬದಲಾಯಿಸಿದ್ದಾಯಿತು.

ಮೈಲೇಜ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲು ಲೀಟರಿಗೆ 11 ಬರುತ್ತಿತ್ತು, ಈಗ ಹತ್ತೂವರೆ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಮ್ಮಿ, ಹಾಗಾಗಿ ಇಷ್ಟು ಇಳಿಯುವುದೇ. ಚಳಿಗಾಲದ ಬೆಳಿಗ್ಗೆ ಚೋಕ್ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಆಕ್ಸಿಲರೇಟರ್ ಒತ್ತಿದಾಗ ತಡವರಿಸುತ್ತಿತ್ತು. ಹೊಸ ಗಾಡಿಯಾದರೆ ಕಂಪ್ಯೂಟರ್ರೇ ಸರಿ ಮಾಡಿಕೊಳ್ಳುತ್ತದೆ, ಕಾರ್ಬ್ಯುರೇಟರ್‌ಗೆ ಅದೆಲ್ಲ ಗೊತ್ತಾಗಲ್ಲ. ಅದರೊಳಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಮೈನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದ ಮೇಲೆ ಸರಿಹೋಯಿತು.

ಈಗ ನಾನು ನಿರೀಕ್ಷೆಯೇ ಮಾಡದ ವಿಷಯ. ತೋಟದಿಂದ ಮೇಲಿನ ರಸ್ತೆಗೆ ಒಂದು ಕಡಿದಾದ ಏರು ಇದೆ. ಜನವರಿಯಲ್ಲಿ ರೋಬಸ್ಟಾ ಮೂಟೆ ತುಂಬಿಕೊಂಡು ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಇಂಜಿನ್ ಒಳಗೆ ಡಬ್ಬದಲ್ಲಿ ಗೋಲಿ ಕುಲುಕಿದ ಹಾಗೆ ಕಟಕಟ ಅನ್ನುತ್ತಿತ್ತು. ಇಪ್ಪತ್ತು ವರ್ಷದಿಂದ ಕೇಳಿದ ಶಬ್ದ. ಅದು ನಿಂತುಹೋಗಿದೆ! ಎಥನಾಲ್‌ನ ಆಕ್ಟೇನ್ (ಇಂಜಿನ್ ಒಳಗೆ ಹೊತ್ತಿಗೆ ಮುಂಚೆ ಸಿಡಿಯದೆ ತಡೆಯುವ ಗುಣ) ಜಾಸ್ತಿ, ಅದರ ಕೊಡುಗೆ. ಮೊದಲ ಸಲ ಏರು ಹತ್ತಿದ ಮೇಲೆ ಗಾಡಿ ನಿಲ್ಲಿಸಿ ಬಾನೆಟ್ ತೆಗೆದು ನೋಡಿದೆ, ಏನಾದರೂ ಕಳಚಿ ಬಿದ್ದಿದೆಯೇನೋ ಅಂತ.

ಮಂಡ್ಯದ ಭಾವ ಕಬ್ಬು ಬೆಳೆಯುವವರು. ಹೇಳಿದರೆ ಫೋನಿನಲ್ಲೇ ನಕ್ಕರು. “ನಮ್ ಕಬ್ಬು ಕುಡಿದ್ರೂ ಗಾಡಿ ಕೆಮ್ಮುತ್ತೆ ಅಂದ್ರೆ, ತಪ್ಪು ಕಬ್ಬಿಂದಲ್ಲ ಕಣಯ್ಯ.”

ಎಥನಾಲ್ ಇಲ್ಲದ ಪೆಟ್ರೋಲ್ ತರಿಸು ಅಂತ ಸಲಹೆ ಕೊಟ್ಟವರೂ ಇದ್ದಾರೆ. ಅಂಥ 100 ಆಕ್ಟೇನ್ ಪೆಟ್ರೋಲ್ ಮಾಮೂಲಿಗಿಂತ ತುಂಬಾ ದುಬಾರಿ, ಸಿಗುವುದೂ ಪೇಟೆಯಲ್ಲಿ. ಗೊಬ್ಬರ ಹೊರುವ ಗಾಡಿಗೆ ಅದನ್ನು ಹಾಕುವಷ್ಟು ಕಾಫಿ ರೇಟ್ ಇನ್ನೂ ಏರಿಲ್ಲ.

ಹಾಗಾಗಿ ಮಳೆಗಾಲದಲ್ಲಿ ಭಾನುವಾರ ತಿಂಡಿ ಮುಗಿಸಿ ಒಂದು ಕೆಲಸ ಮಾಡುತ್ತೇನೆ. ಮುಚ್ಚಳದ ಹೊಸ ವಾಷರ್ ಬೆರಳಲ್ಲಿ ಒತ್ತಿ ನೋಡಿ, ಅಣ್ಣ ಹಾಕಿಕೊಟ್ಟ ಪ್ಲಾಸ್ಟಿಕ್ ಫಿಲ್ಟರ್ ಬೆಳಕಿಗೆ ಹಿಡಿದು, ಗೆರೆ ಕಾಣದಿದ್ದರೆ ಸೇತುವೆವರೆಗೆ ಹೋಗಿ ಬರುವುದು. ಪೆಟ್ರೋಲ್ ಹತ್ತು ಲೀಟರಿನ ಲೆಕ್ಕದಲ್ಲೇ, ಖಾಲಿ ಆದ ಮೇಲೆ ಮತ್ತೆ ಹತ್ತು. ಹಾರ್ಲಿಕ್ಸ್ ಬಾಟಲಿ ಶೆಡ್ಡಿನ ಗೂಡಿನಲ್ಲೇ ಇದೆ. ಅದು ಅಡುಗೆಮನೆಯಿಂದ ಬಂದಿದ್ದು ಅಂತ ಮನೆಯವಳಿಗೆ ಗೊತ್ತಾಗಿದೆ, ಇನ್ನೂ ಮಾತಾಡಿಲ್ಲ.