ಗಾಳಿ ಹಾಕಿಸ್ತಾ ಹಾಕಿಸ್ತಾ ಒಂದು ಒಳ್ಳೇ ಟೈರ್ ಕಳೆದುಕೊಂಡೆ

ಗ್ರಿಪ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದ್ದ, ನನ್ನ ಬೈಕಿನ ಹಿಂಚಕ್ರದ ಟೈರನ್ನು ಹೋದ ತಿಂಗಳು ಎಸೆಯಬೇಕಾಗಿ ಬಂತು. ಸವೆದಿರಲಿಲ್ಲ, ಹರಿದಿರಲಿಲ್ಲ. ಹೊರಗಿನಿಂದ ನೋಡಿದವರು ಯಾರಾದರೂ ‘ಇದಕ್ಕೇನಾಗಿದೆ, ಇನ್ನೂ ಒಂದು ವರ್ಷ ಆರಾಮಾಗಿ ಬರುತ್ತೆ’ ಅನ್ನುತ್ತಿದ್ದರು. ಅದನ್ನು ಹಾಳು ಮಾಡಿದ್ದು ಮೊಳೆಯಲ್ಲ, ನಾನು. ಗಾಳಿ ನಿಧಾನಕ್ಕೆ ಇಳಿಯುತ್ತಿದೆ ಅಂತ ಗೊತ್ತಿದ್ದೂ ಆರು ವಾರ ಸುಮ್ನೆ ಗಾಳಿ ಹಾಕಿಸ್ತಾ ಓಡಿಸಿದೆ. ಪೂರ್ತಿ ಪಂಕ್ಚರ್ ಆಗಿದ್ದರೆ ಅವತ್ತೇ ನಿಲ್ಲಿಸಿ ಸರಿ ಮಾಡಿಸ್ತಿದ್ದೆ. ಇದು ಹಾಗಲ್ಲ. ಗಾಡಿ ಓಡುತ್ತೆ, ಕೆಲಸ ನಡೆಯುತ್ತೆ, ನಾಳೆ ನೋಡಿದರಾಯ್ತು ಅನ್ನಿಸುತ್ತೆ.

ನನ್ನದು ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರ್. ಹಿಂದಕ್ಕೆ 32 ಪಿಎಸ್‌ಐ ಹಾಕಬೇಕು ಅಂತ ಗಾಡಿ ಮೇಲೇ ಸ್ಟಿಕ್ಕರ್ ಇದೆ; ಪಿಎಸ್‌ಐ ಅಂದರೆ ಟೈರೊಳಗಿನ ಗಾಳಿಯ ಒತ್ತಡದ ಅಳತೆ. ಮೊದಲ ಸಲ ಅನುಮಾನ ಬಂದಿದ್ದು ಬೆಳಿಗ್ಗೆ ಗಾಡಿಯನ್ನು ತಳ್ಳಿ ಹೊರಗೆ ತರುವಾಗ. ಯಾಕೋ ಭಾರ ಅನ್ನಿಸಿತು. ಅಳೆದರೆ 27. ಚಳಿಗೆ ಇಳಿದಿರಬೇಕು ಅಂದುಕೊಂಡೆ. ಚಳಿಗೆ ಇಳಿಯೋದು ಸುಳ್ಳೇನಲ್ಲ. ಆದರೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಇಳಿಯೋದು 2 ಪಿಎಸ್‌ಐ ಆಸುಪಾಸು. ಏನೂ ತೊಂದರೆಯಿಲ್ಲದ ಟೈರೂ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತೆ. ನನ್ನದು ಮೂರು ದಿನಕ್ಕೆ 5 ಇಳಿದಿತ್ತು. ಲೆಕ್ಕ ಹಾಕಿದ್ದರೆ ಅವತ್ತೇ ಗೊತ್ತಾಗಿಬಿಡುತ್ತಿತ್ತು. ಹಾಕಲಿಲ್ಲ.

ಇನ್ನೊಂದು ದಡ್ಡತನವೂ ನಡೆದಿತ್ತು. ಗಾಳಿ ಹಾಕಿಸ್ತಿದ್ದಿದ್ದು ಕೆಲಸ ಮುಗಿಸಿ ವಾಪಸ್ ಬರುವಾಗ, ಟೈರ್ ಬಿಸಿ ಇದ್ದಾಗ. ಓಡಿದ ಟೈರು ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸೋದು ಮಾಮೂಲು. ಬಿಸಿ ಟೈರಿಗೆ 32 ಹಾಕಿಸಿದರೆ ತಣ್ಣಗಾದ ಮೇಲೆ ಉಳಿಯೋದು 28 ಅಥವಾ 29. ಅಂದರೆ ಸೋರೋಕೆ ಮುಂಚೆಯೇ ನನ್ನ ಟೈರಲ್ಲಿ ಗಾಳಿ ಕಮ್ಮಿ. ಮೇಲಿಂದ ಒಂದೊಂದು ದಿನ ಒಂದೊಂದು ಕಡೆ, ಒಂದೊಂದು ಮೀಟರ್. ಒಂದರಲ್ಲಿ 30 ಅಂತ ತೋರಿಸಿದ್ದು ಇನ್ನೊಂದರಲ್ಲಿ 33.

ಎರಡನೇ ವಾರ ಪಂಕ್ಚರ್ ಹಾಕುವವರ ಹತ್ತಿರ ಹೋದೆ. ಅವರು ಚಕ್ರ ತಿರುಗಿಸಿ ನೀರು ಹಾಕುತ್ತಾ ಬಂದರು. ಒಂದು ಕಡೆ ಗುಳ್ಳೆ ಎದ್ದಿತು. ಸಣ್ಣ ತಂತಿ ಚೂರು. ಕಿತ್ತು, ಸೂಜಿ ತೂರಿಸಿ, ತೂತು ಮುಚ್ಚುವ ಅಂಟು ರಬ್ಬರಿನ ಸ್ಟ್ರಿಪ್ ಹಾಕಿ, ಬೆರಳಿಗೆ ಎಂಜಲು ಹಚ್ಚಿ ಅದರ ಮೇಲೆ ಸವರಿ ನೋಡಿದರು. ಗುಳ್ಳೆ ಬರಲಿಲ್ಲ. ‘ಆಯ್ತು ಸಾರ್, ಹೋಗಿ’ ಅಂದರು. ನನಗೂ ನೆಮ್ಮದಿ. ಅವರದು ತಪ್ಪು ಅಂತ ಪೂರ್ತಿ ಹೇಳಲಾರೆ, ತಂತಿ ಇದ್ದಿದ್ದು ನಿಜ, ಅಲ್ಲಿಂದ ಗಾಳಿ ಹೋಗುತ್ತಿದ್ದಿದ್ದೂ ನಿಜ. ಆದರೆ ಒಂದು ತೂತು ಸಿಕ್ಕಿದ ಕೂಡಲೇ ಹುಡುಕಾಟ ನಿಂತುಹೋಯ್ತು. ವಾಲ್ವ್ ಕಡೆ ಅವರು ಕೈ ಹಾಕಲಿಲ್ಲ, ರಿಮ್ಮಿನ ಅಂಚಿಗೆ ಒಂದು ತೊಟ್ಟು ನೀರು ಬೀಳಲಿಲ್ಲ. ಅದನ್ನೂ ನೋಡಿ ಅಂತ ನಾನೂ ಹೇಳಲಿಲ್ಲ.

ನಾಲ್ಕು ದಿನಕ್ಕೆ ಮತ್ತೆ 26.

ಇನ್ನೊಂದು ಕಡೆ ಹೋದೆ. ಅವರು ಹುಡುಕುವ ಗೋಜಿಗೇ ಹೋಗಲಿಲ್ಲ. ವಾಲ್ವ್ ಒಳಗಿನ ಪಿನ್ ಬಿಚ್ಚಿ, ತೂತನ್ನು ಒಳಗಿನಿಂದ ಮುಚ್ಚುವ ಅಂಟು ದ್ರವ, ಅಂದರೆ ಸೀಲಂಟ್, ಬಾಟಲಿಯಿಂದ ಸುರಿದರು. ‘ಇನ್ಮೇಲೆ ಪಂಕ್ಚರ್ರೇ ಆಗಲ್ಲ’ ಅಂದರು. ನಂಬಿದೆ. ಒಂದು ವಾರ ಗಾಳಿ ನಿಂತ ಹಾಗೂ ಕಾಣಿಸಿತು. ಕಾಣಿಸಿತು ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಅಂಟು ವಾಲ್ವ್ ಒಳಗೇ ಮೆತ್ತಿಕೊಂಡಿತ್ತು. ಮೀಟರ್ ಒತ್ತಿದರೆ ಗಾಳಿ ಸರಿಯಾಗಿ ಹೊರಗೆ ಬರದೆ ಮುಳ್ಳು ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿತ್ತು. ಸೀಲಂಟ್ ಕೆಟ್ಟದ್ದು ಅಂತಲ್ಲ. ಚಕ್ರ ತಿರುಗುವಾಗ ಅದು ಹೊರಗಿನ ಕಡೆ ಎಸೆಯಲ್ಪಟ್ಟು ಗ್ರಿಪ್ಪಿನ ಒಳಭಾಗಕ್ಕೆ ಹರಡಿಕೊಳ್ಳುತ್ತೆ. ಅಲ್ಲಿ ಸಣ್ಣ ತೂತಿದ್ದರೆ ಮುಚ್ಚೀತು. ವಾಲ್ವ್ ಬುಡ ಇರೋದು ರಿಮ್ ಮೇಲೆ. ಅಲ್ಲಿಗೆ ಅದು ಹೋಗಿ ಕೂರೋದು ಕಷ್ಟ.

ಆಮೇಲೆ ಆ ತಿರುವು. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಬ್ಯಾಗು ಕಟ್ಟಿಕೊಂಡು ದೂರ ಹೊರಟಿದ್ದೆ. ಹೆದ್ದಾರಿಯಲ್ಲಿ ಒಂದು ಗಂಟೆ ಒಂದೇ ಸಮನೆ ಓಡಿಸಿದ ಮೇಲೆ ಎಡಕ್ಕೊಂದು ಉದ್ದನೆಯ ತಿರುವು ಬಂತು. ಗಾಡಿ ವಾಲಿಸಿದೆ. ಮುಂದಿನ ಚಕ್ರ ಹೇಳಿದ ಕಡೆ ಹೋಯ್ತು. ಹಿಂದಿನದು ಹೋಗಲಿಲ್ಲ. ಸೀಟಿನ ಕೆಳಗೆ ಯಾರೋ ಗಾಡಿಯನ್ನು ಹಿಡಿದು ಅತ್ತ ಇತ್ತ ಅಲ್ಲಾಡಿಸಿದ ಹಾಗೆ. ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ಅಂತೂ ಗಾಡಿ ನೆಟ್ಟಗೆ ಮಾಡಿಕೊಂಡು ಪಕ್ಕಕ್ಕೆ ತಂದೆ. ಹಿಂದೆ ಕೂತವರು ‘ರಸ್ತೆ ಸರಿ ಇಲ್ವಾ?’ ಅಂತ ಕೇಳಿದರು. ರಸ್ತೆ ಚೆನ್ನಾಗೇ ಇತ್ತು. ಟೈರಿನ ಪಕ್ಕೆಗೆ ಕೈ ಇಟ್ಟರೆ ಇಡಲಾಗದಷ್ಟು ಸುಡುತ್ತಿತ್ತು. ಮೀಟರ್ ಹಾಕಿದೆ. 11.

ಬೆಳಿಗ್ಗೆ ಹೊರಡುವಾಗ, ತಣ್ಣಗಿದ್ದ ಟೈರಿಗೆ, ನಾನೇ ನಿಂತು 32 ಹಾಕಿಸಿದ್ದೆ. ಒಂದು ಗಂಟೆಯಲ್ಲಿ 21 ಪಿಎಸ್‌ಐ ಎಲ್ಲಿಗೆ ಹೋಯ್ತು? ನಿಂತ ಗಾಡಿಯಲ್ಲಿ ದಿನಕ್ಕೆ ಒಂದೂವರೆ ಇಳಿಯುವ ಟೈರು ಓಡುವಾಗ ಯಾಕೆ ಹೀಗೆ ಸೋರುತ್ತೆ? ಈ ಪ್ರಶ್ನೆಯಿಂದಲೇ ಕೊನೆಗೆ ಕಳ್ಳ ಸಿಕ್ಕಿದ್ದು.

ನಿಧಾನಕ್ಕೆ ಮನೆ ಸೇರಿಕೊಂಡ ಮೇಲೆ ನಾನೇ ಕೂತು ಹುಡುಕಿದೆ. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರಿಗೆ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿದೆ. ಬರೀ ನೀರಿಗಿಂತ ಇದು ಎಷ್ಟೋ ವಾಸಿ, ಸಣ್ಣ ಸೋರಿಕೆಗೂ ನೊರೆ ಕಟ್ಟುತ್ತೆ. ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ, ಎಂಜಿನ್ ಆಫ್. ಇದನ್ನು ಒತ್ತಿ ಹೇಳುತ್ತೇನೆ: ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ತಿರುಗಿಸುವವರನ್ನು ನೋಡಿದ್ದೇನೆ. ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಬೆರಳು ಸಿಕ್ಕರೆ ವಾಪಸ್ ಬರಲ್ಲ. ಬ್ರೇಕ್ ಡಿಸ್ಕಿಗೆ ಸೋಪಿನ ನೀರು ತಾಗದ ಹಾಗೆ ಒಂದು ಬಟ್ಟೆ ಮುಚ್ಚಿಟ್ಟುಕೊಳ್ಳಿ.

ಮೊದಲು ಗ್ರಿಪ್ ಪೂರ್ತಿ, ಹಳೇ ಸ್ಟ್ರಿಪ್ ಮೇಲೂ. ಏನೂ ಇಲ್ಲ. ವಾಲ್ವ್ ಕ್ಯಾಪ್ ತೆಗೆದು ಬಾಯಿಗೆ ಒಂದು ಹನಿ ಬಿಟ್ಟೆ. ಪರದೆ ಕಟ್ಟಿ, ಅರ್ಧ ನಿಮಿಷಕ್ಕೆ ಬಟಾಣಿಯಷ್ಟು ಉಬ್ಬಿತು. ಸೀಲಂಟ್ ಅಂಟಿ ಪಿನ್ ಸರಿಯಾಗಿ ಕೂರುತ್ತಿರಲಿಲ್ಲ, ಅದು ಬೇರೆ ಹೊಸ ತಾಪತ್ರಯ. ಪಿನ್ ಬದಲಾಯಿಸಿದೆ, ನಿಂತಿತು. ವಾಲ್ವ್ ಬುಡಕ್ಕೆ ಸ್ಪ್ರೇ ಹೊಡೆದೆ. ಏನೂ ಇಲ್ಲ. ಬೇಜಾರಾಗಿ ವಾಲ್ವನ್ನು ಹೆಬ್ಬೆರಳಲ್ಲಿ ಪಕ್ಕಕ್ಕೆ ತಳ್ಳಿದೆ. ಬುಸ್ಸಂತ ನೊರೆ ಉಕ್ಕಿತು. ಬೆರಳು ತೆಗೆದೆ, ನಿಂತಿತು. ಮತ್ತೆ ತಳ್ಳಿದೆ, ಮತ್ತೆ ಉಕ್ಕಿತು.

ರಬ್ಬರ್ ವಾಲ್ವಿನ ಬುಡ ರಿಮ್ಮಿಗೆ ಸೇರುವ ಕಡೆ ಸುತ್ತಲೂ ಬಿರುಕು ಬಿಟ್ಟಿತ್ತು. ನೆಟ್ಟಗಿದ್ದಾಗ ಬಿರುಕು ಮುಚ್ಚಿಕೊಂಡಿರುತ್ತೆ, ಸೋರೋದು ಒಂಚೂರು. ಚಕ್ರ ಜೋರಾಗಿ ತಿರುಗಿದಾಗ ವಾಲ್ವ್ ಹೊರಗಿನ ಕಡೆ ಬಾಗುತ್ತೆ, ಬಿರುಕು ಬಾಯಿ ತೆರೆಯುತ್ತೆ. ಊರೊಳಗೆ ಮೆಲ್ಲಗೆ ಓಡಾಡುವಾಗ ಏನೂ ಅನ್ನಿಸದೆ ಹೆದ್ದಾರಿಯಲ್ಲಿ ಕೈ ಕೊಟ್ಟಿದ್ದು ಇದಕ್ಕೇ. ಇನ್ನೊಂದು ನೆನೆಸಿಕೊಂಡರೆ ಈಗ ನಗು ಬರುತ್ತೆ. ಗಾಳಿ ಹಾಕಿ ಪೈಪ್ ಕೀಳುವಾಗ ಎಲ್ಲರೂ ಅದನ್ನು ಪಕ್ಕಕ್ಕೆ ಜಗ್ಗಿ ಕೀಳ್ತಾರೆ. ಪ್ರತಿ ಸಲವೂ ಆ ಬುಡ ಬಾಗುತ್ತೆ. ನಾನು ಗಾಳಿ ಹಾಕಿಸಿದಷ್ಟೂ ಸೀಳು ದೊಡ್ಡದಾಗುತ್ತಿತ್ತು!

ಅಲ್ಲಿಗೇ ನಿಲ್ಲಿಸೋಣ ಅನ್ನಿಸಿತು. ಹಿಂದೆ ಮಾಡಿದ ತಪ್ಪು ನೆನಪಾಗಿ ರಿಮ್ಮಿನ ಅಂಚಿಗೂ ಎರಡೂ ಕಡೆ ಸ್ಪ್ರೇ ಹೊಡೆದು ಕೈ ಕಟ್ಟಿ ಕೂತೆ. ಐದು ನಿಮಿಷ ಆದ ಮೇಲೆ ಚೈನ್ ಕಡೆ ಒಂದು ಗೇಣಿನಷ್ಟು ಉದ್ದಕ್ಕೆ ಸಣ್ಣ ಬಿಳಿ ನೊರೆ, ಹಾಲು ಕಾಯುವಾಗ ಅಂಚಲ್ಲಿ ಕಟ್ಟುತ್ತಲ್ಲ, ಹಾಗೆ. ಗುಳ್ಳೆ ಅಂತ ಹೇಳುವ ಹಾಗೂ ಇರಲಿಲ್ಲ. ಅವಸರದಲ್ಲಿ ನೋಡಿದ್ದರೆ ಸೋಪಿನ ನೊರೆ ಅಂತ ಒರೆಸಿಬಿಡುತ್ತಿದ್ದೆ.

ಟೈರ್ ಬಿಚ್ಚಿಸಲೇಬೇಕಿತ್ತು. ಈ ಸಲ ಮೂರನೇ ಕಡೆ ಹೋಗಿ, ಏನೇನು ಕಂಡೆ ಅಂತ ಮೊದಲೇ ಹೇಳಿ, ಪಕ್ಕದಲ್ಲೇ ನಿಂತೆ. ರಿಮ್ಮಿನಲ್ಲಿ ಟೈರಿನ ಅಂಚು ಕೂರುವ ಜಾಗದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿ ಪುಡಿಯಾಗಿ ಎದ್ದಿತ್ತು. ಅದನ್ನು ಬ್ರಷ್ಷಲ್ಲಿ ಉಜ್ಜಿ, ಸ್ಯಾಂಡ್ ಪೇಪರಲ್ಲಿ ನಯ ಮಾಡಿ, ಒರೆಸಿದರು. ಹಳೇ ವಾಲ್ವ್ ಕತ್ತರಿಸಿ ತೆಗೆದು ಹೊಸದು ಕೂರಿಸಿದರು. ಗಾಡಿ ಕೊಂಡಾಗಿನ ವಾಲ್ವ್ ಅದು. ಮಧ್ಯೆ ಒಂದು ಸಲ ಟೈರ್ ಬದಲಾಯಿಸಿದ್ದೆ, ವಾಲ್ವ್ ಬದಲಾಯಿಸಿ ಅಂತ ಯಾರೂ ಹೇಳಿರಲಿಲ್ಲ. ಹೊಸ ಟೈರ್ ಹಾಕಿಸುವಾಗ ಹೊಸ ವಾಲ್ವನ್ನು ಕೇಳಿ ಹಾಕಿಸಿಕೊಳ್ಳಿ, ಬೇರೆ ಸಮಯದಲ್ಲಿ ಅಷ್ಟು ಸಣ್ಣ ಸಾಮಾನಿಗೆ ಮತ್ತೆ ಟೈರ್ ಬಿಚ್ಚಬೇಕಾಗುತ್ತೆ.

ಟೈರನ್ನು ವಾಪಸ್ ಹಾಕುವ ಮುಂಚೆ ಅವರು ಒಳಗೆ ಕೈ ಆಡಿಸಿ ನನಗೆ ಬೆರಳು ತೋರಿಸಿದರು. ಸೀಲಂಟಿನ ಅಂಟಿನ ಜೊತೆ ಕಪ್ಪು ರಬ್ಬರ್ ಪುಡಿ. ಟಾರ್ಚ್ ಬಿಟ್ಟು ನೋಡಿದರೆ ಪಕ್ಕೆಯ ಒಳಗಡೆ ಸುತ್ತಲೂ ಒಂದು ಪಟ್ಟಿ ಉಜ್ಜಿ ಹೋಗಿ ಒರಟಾಗಿತ್ತು, ಒಂದೆರಡು ಕಡೆ ನೂಲು ಕಾಣುತ್ತಿತ್ತು. ಗಾಳಿ ಕಮ್ಮಿ ಇದ್ದಾಗ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ, ಬಿಸಿಯಾಗಿ, ಒಳಗಿಂದಲೇ ಸವೆಯುತ್ತೆ. ಹೊರಗೆ ಗೆರೆಯೂ ಕಾಣಲ್ಲ. ಇಂಥ ಟೈರಿಗೆ ಮತ್ತೆ ಗಾಳಿ ತುಂಬಿ ಓಡಿಸಿದರೆ ಪಕ್ಕೆ ಒಡೆದು ಹೋಗಬಹುದು ಅಂದರು. ನಾನು ಚೌಕಾಸಿ ಮಾಡದೆ ಹೊಸ ಟೈರ್ ಹಾಕಿಸಿದೆ.

ಮೊಳೆ ಚುಚ್ಚಿದ್ದು ಕಂಡರೂ ನಡುದಾರಿಯಲ್ಲಿ ಕೀಳೋಕೆ ಹೋಗಬೇಡಿ, ಎಷ್ಟೋ ಸಲ ಅದೇ ತೂತು ಮುಚ್ಚಿಕೊಂಡಿರುತ್ತೆ. ಸ್ಟ್ರಿಪ್ ಇರೋದು ಗ್ರಿಪ್ ಭಾಗದ ಸಣ್ಣ ತೂತಿಗೆ, ಅದೂ ಸದ್ಯಕ್ಕೆ. ಟೈರ್ ಬಿಚ್ಚಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸಿದರೆ ಗಟ್ಟಿ, ಜೊತೆಗೆ ಒಳಗಿನ ಸ್ಥಿತಿಯೂ ಕಣ್ಣಿಗೆ ಬೀಳುತ್ತೆ. ಪಕ್ಕೆಯಲ್ಲಿ ತೂತಾಗಿದ್ದರೆ ಯಾರು ಏನೇ ಹೇಳಲಿ, ಸ್ಟ್ರಿಪ್ ಹಾಕಿಸಬೇಡಿ.

ಟ್ಯೂಬ್ ಇರುವ ಗಾಡಿಯವರಿಗೆ ಸೋಪಿನ ನೀರು ಮೋಸ ಮಾಡುತ್ತೆ. ಟ್ಯೂಬಿನ ಯಾವುದೋ ಮೂಲೆಯಲ್ಲಿ ಹೊರಟ ಗಾಳಿ ಟೈರಿನೊಳಗೇ ಸುತ್ತಿಕೊಂಡು ವಾಲ್ವಿನ ಸಂದಿಯಲ್ಲೋ ಕಡ್ಡಿಗಳ ಬುಡದಲ್ಲೋ ಹೊರಗೆ ಬರುತ್ತೆ. ಟ್ಯೂಬ್ ತೆಗೆದು, ಗಾಳಿ ತುಂಬಿ, ಬಕೆಟ್ ನೀರಲ್ಲಿ ಮುಳುಗಿಸಿಯೇ ನೋಡಬೇಕು. ತೂತು ಸಿಕ್ಕಮೇಲೆ ಟೈರಿನ ಒಳಗೆ ಬಟ್ಟೆ ಸುತ್ತಿಕೊಂಡು ಸವರಿ. ಮುಳ್ಳಿನ ತುದಿ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅದಕ್ಕೂ ಅದೇ ಗತಿ.

ಈಗ ಒಂದೇ ಮೀಟರ್, ನನ್ನದೇ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಅಳೆದು ಫೋನಲ್ಲಿ ಬರೆದಿಡುತ್ತೇನೆ. ರಿಪೇರಿ ಆದ ಮೇಲೆ ಮೊದಲ ಮೂರು ದಿನ ದಿನವೂ ಅಳೆದೆ, ಆಮೇಲೆ ವಾರಕ್ಕೊಮ್ಮೆ. ಇಲ್ಲಿಯವರೆಗಿನ ಲೆಕ್ಕ: 32, 32, 32, 31.5, 31.5, 31. ಗಾಳಿ ಹಾಕಿಸುವಾಗ ಪೈಪ್ ಕೀಳೋಕೆ ಯಾರಿಗೂ ಬಿಡಲ್ಲ. ವಾಲ್ವಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದು ನಾನೇ ನೇರಕ್ಕೆ ಎಳೆಯುತ್ತೇನೆ. ಗಾಳಿ ಹಾಕುವ ಹುಡುಗ ನನ್ನನ್ನು ಒಂಥರಾ ನೋಡುತ್ತಾನೆ.